ಬರ್ಮಾ ಡಾಕ್ಟರ್ ಕಾಕಾ

ಹೋದ ಶನಿವಾರ ಟಿವಿಡೇಲ್ ದೇವಸ್ಥಾನದ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದವರೊಬ್ಬರು ಬೆರಳು ಕೊಯ್ದುಕೊಂಡರು. ಪಕ್ಕದಲ್ಲಿದ್ದ ಹೆಂಗಸು ಕೈಚೀಲದಿಂದ ಟಿಂಚರ್ ಅಯೋಡಿನ್ ಸೀಸೆ ತೆಗೆದರು, ಊರಿಂದ ತಂದದ್ದಂತೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಎಜ್‌ಬಾಸ್ಟನ್ನಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕಾ ನೆನಪಾದರು... ಅವರ ಮನೆಯ ವಾಸನೆಯೇ ಅದು.

ಕಾಕಾ ಧಾರವಾಡದ ಕಡೆಯವರು. ಬ್ರಿಟಿಷರ ಸೇನೆಯಲ್ಲಿ ಡಾಕ್ಟರಾಗಿ ಬರ್ಮಾ ಯುದ್ಧ ಕಂಡವರು. ಆಮೇಲೆ ಇಲ್ಲಿಗೆ, ಬ್ರಿಟಿಷರ ನಾಡಿಗೇ ಬಂದು, ಜಿಪಿ ಅನ್ನುವ ಬಡಾವಣೆ ಡಾಕ್ಟರಾಗಿದ್ದು ನಿವೃತ್ತರಾಗಿದ್ದರು. ನಾನಾಗ ಹುಬ್ಬಳ್ಳಿಯಿಂದ ಬಂದ ಹೊಸ ಡಾಕ್ಟರು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದರೆ ಗೇಟಿನ ಹತ್ತಿರ ಅವರದು ಒಂದೇ ಪ್ರಶ್ನೆ: “ಕೊಟ್ಟದ್ದೆಲ್ಲಾ ಬರದಿಯೇನವಾ?” ರೋಗಿಗೆ ಕೊಟ್ಟ ಔಷಧಿಯನ್ನು ಚಾರ್ಟಿನಲ್ಲಿ ಬರೆದೆಯಾ ಅಂತ. ಅಷ್ಟೂ ತಿಳಿಯದವಳೇ ನಾನು? ಸಿಟ್ಟು ನೆತ್ತಿಗೇರುತ್ತಿತ್ತು. ಹೂಂ ಅಂದು ಒಳಗೆ ಹೋಗಿಬಿಡುತ್ತಿದ್ದೆ.

ಒಂದು ಬೆಳಿಗ್ಗೆ ಹೂಂ ಅನ್ನಲು ಬಾಯಿ ತೆರೆದವಳು, “ಇಲ್ರಿ ಕಾಕಾ,” ಅಂದೆ. ಪಕ್ಕೆಲುಬು ಮುರಿದು ನರಳುತ್ತಿದ್ದ ಮುದುಕನೊಬ್ಬನಿಗೆ ಪಾಳಿ ಮುಗಿಯುವ ಮುಂಚೆ ಮಾರ್ಫಿನ್ ಕೊಟ್ಟಿದ್ದೆ. ಅಷ್ಟರಲ್ಲಿ ಜೇಬಿನಲ್ಲಿದ್ದ ಕರೆಯಂತ್ರ, ಬ್ಲೀಪ್, ಕೂಗಿತೆಂದು ಬೇರೆ ವಾರ್ಡಿಗೆ ಓಡಿದ್ದೆ. ಚಾರ್ಟಿನಲ್ಲಿ ಬರೆದಿರಲಿಲ್ಲ. ಬೆಳಗಿನ ಪಾಳಿಯವರು ಖಾಲಿ ಚಾರ್ಟು ನೋಡಿ ಮತ್ತೊಮ್ಮೆ ಕೊಟ್ಟರೆ ಆ ಮುದುಕನ ಉಸಿರೇ ನಿಂತುಹೋಗುತ್ತಿತ್ತು.

ಕಾಕಾ ಬೈಯಲಿಲ್ಲ. ರಟ್ಟೆ ಹಿಡಿದು ಎಳೆದೊಯ್ದು ತಮ್ಮ ಮನೆಯ ಫೋನಿನ ಮುಂದೆ ನಿಲ್ಲಿಸಿದರು. ವಾರ್ಡಿನಲ್ಲಿ ಗಂಟೆ ಹೊಡೆಯುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಇಟ್ಟು ಮತ್ತೆ ಮಾಡಿದೆ. ಅವಸರದಲ್ಲಿ ತಪ್ಪು ನಂಬರ್ ತಿರುಗಿಸಿ ಇನ್ನೆಲ್ಲಿಗೋ ಹೋಯಿತು.

“ಇಲ್ಲೆ ಕೊಡ,” ಅಂದು ಕಾಕಾ ತಾವೇ ನಂಬರ್ ತಿರುಗಿಸಿದರು.

ಕೊನೆಗೆ ಸಿಸ್ಟರ್ ಎತ್ತಿದಳು. ಡಾಕ್ಟರು ಸಿರಿಂಜ್ ಹಿಡಿದು ಹಾಸಿಗೆಯ ಹತ್ತಿರ ಹೋಗಿದ್ದಾರೆ ಅಂದಳು. ತಡೆಯಿರಿ ಎಂದು ಕಿರುಚಿದೆ. ಅವಳು ಓಡಿದ ಸದ್ದು ಕೇಳಿತು, ಆಮೇಲೆ ಏನೂ ಇಲ್ಲ... ಫೋನು ಕಿವಿಗೆ ಒತ್ತಿ ನಿಂತೆ. ಅವಳು ಮರಳಿ ಬಂದು, ಕೊಟ್ಟಿಲ್ಲ, ನಿಲ್ಲಿಸಿದೆ ಎಂದಳು.

ನಾನು ಫೋನು ಕೆಳಗಿಟ್ಟೆ. ಕಾಕಾ ಗೋಡೆ ನೋಡುತ್ತ ಹೇಳಿದರು: “ಬರ್ಮಾದಾಗ ಮಾರ್ಫಿನ್ ಕೊಟ್ಟ ಮ್ಯಾಲೆ ಸೈನಿಕನ ಹಣಿ ಮ್ಯಾಲೆ ‘ಎಂ’ ಅಂತ ಬರೀಬೇಕಿತ್ತು. ಒಬ್ಬನಿಗೆ ನಾ ಬರೀಲಿಲ್ಲ. ಅವನ್ನ ಹಿಂದಕ್ಕ ಒಯ್ದ ದವಾಖಾನಿ ಡೇರೆದಾಗ ಮತ್ತೊಮ್ಮೆ ಕೊಟ್ರು. ಗುಂಡು ತಾಗಿ ಸತ್ತ ಅಂತ ಅವರ ಮನೀಗೆ ಕಾಗದ ಹೋತು.”

ಅಂದಿನಿಂದ ದಿನಾ ವಾರ್ಡಿನ ಆ ಮುದುಕನ ಸುದ್ದಿ ಕೇಳುತ್ತಿದ್ದರು. ಅವನು ಡಿಸ್ಚಾರ್ಜ್ ಆದ ಎಂದು ಹೇಳಿದ ದಿನ ಗೇಟು ಹಿಡಿದುಕೊಂಡೇ ಅತ್ತುಬಿಟ್ಟರು.

“ಇವ ಮನೀಗೆ ಹೋದ,” ಅಂದರು.

ಕಾಕಾ ತೀರಿಕೊಂಡು ವರ್ಷಗಳೇ ಆದವು. ಅವರಿಗೆ ಆಗ ಆಗಿದ್ದ ವಯಸ್ಸು ಈಗ ನನಗೆ. ಆ ಸೈನಿಕನ ಹೆಸರು ಅವರು ಮರೆತಿರಲಿಲ್ಲ. ಒಮ್ಮೆ ನನ್ನನ್ನು ನಿಲ್ಲಿಸಿ ಹೇಳಲು ಹೊರಟಿದ್ದರು. “ಬಸ್ಸಿಗೆ ಹೊತ್ತಾತು ಕಾಕಾ, ನಾಳೆ ಹೇಳ್ರಿ,” ಅಂದೆ. ಮರುದಿನ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ... ಅವನು ಹೇಗೆ ಸತ್ತನೆಂದು ಬಲ್ಲವಳು ಈಗ ನಾನೊಬ್ಬಳೇ, ಅವನ ಹೆಸರು ಮಾತ್ರ ನನಗೆ ಗೊತ್ತಿಲ್ಲ.