ಎಡಗಡೆ ಸತ್ತ ಹೆಡ್‌ಫೋನು

ನಮ್ಮ ಮನೆಗೆ ಯಾವ ಸಾಮಾನು ಬರಬೇಕಾದರೂ ಮೊದಲು ನಾನು ನೋಡಬೇಕು. ಇದು ನಾನು ಮಾಡಿದ ಕಾಯ್ದೆಯಲ್ಲ, ಹಾಗೆಯೇ ನಡೆದುಬಂದದ್ದು. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಇಳಕಲ್ಲಿನ ಮಗ್ಗಕ್ಕೆ ಕುಳಿತವನು ನಾನು. ರೇಷ್ಮೆಯನ್ನು ಎರಡು ಬೆರಳ ನಡುವೆ ಉಜ್ಜಿ, ಮಾಲು ಎಂಥದೆಂದು ಹೇಳುತ್ತಿದ್ದೆ. ಮುಂದೆ ಕೈಮಗ್ಗ ತೆಗೆದು ಎರಡು ಪವರ್‌ಲೂಮ್ ಹಾಕಿದೆ. ಅವುಗಳ ನಡುವೆ ನಿಂತೇ ತಮ್ಮನನ್ನು ಕಾಲೇಜು ಓದಿಸಿದೆ. ಮಿಕ್ಸರ್ ಇರಲಿ, ಸೈಕಲ್ ಇರಲಿ, ನಾನು ಬಡಿದು, ಬಾಗಿಸಿ, ಅಲ್ಲಾಡಿಸಿ ನೋಡಿ ‘ಹ್ಞೂಂ’ ಅಂದಮೇಲೆಯೇ ಒಳಗೆ. ನನಗೆ ಕೆಟ್ಟ ಮಾಲು ಕೊಟ್ಟ ಅಂಗಡಿಯವ ಹುಟ್ಟಿಲ್ಲ ಎಂದು ತಮ್ಮ ಎಲ್ಲರ ಮುಂದೆ ಹೇಳುತ್ತಿದ್ದ. ಅದನ್ನು ಕೇಳಲು ನನಗೂ ಹಿತವಾಗುತ್ತಿತ್ತು.

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ತಮ್ಮ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಒಂದು ಖೋಲಿ ಹಿಡಿದು ಕಂಪ್ಯೂಟರ್ ಗೇಮಿನ ಅಂಗಡಿ ತೆರೆದಿದ್ದ. ಕಾಲೇಜು ಹುಡುಗರು ಬಂದು ಗುಂಡು ಹಾರಿಸುವ ಆಟ ಆಡುತ್ತಿದ್ದರು. ಆ ಸಪ್ಪಳಕ್ಕೆ ಮೇಲಿನ ಮನೆಯವರು ತಕರಾರು ತೆಗೆದರು. ವೈರಿನ ಹೆಡ್‌ಫೋನ್ ತಂದ. ಹುಡುಗರು ಗೆದ್ದ ಹುರುಪಿನಲ್ಲಿ ಹಾಗೆಯೇ ಎದ್ದು ನಿಲ್ಲುತ್ತಿದ್ದರು, ವೈರು ಕಿತ್ತು ಬರುತ್ತಿತ್ತು. ಕೊನೆಗೆ ವೈರಿಲ್ಲದ್ದು ಬಂದಿದೆ, ಅದರಲ್ಲೇ ಅಗ್ಗದ್ದೂ ಇದೆ ಎಂದು ತಿಳಿದು ನನಗೆ ಫೋನ್ ಮಾಡಿದ.

“ಅಣ್ಣಾ, ನೀ ಬಂದು ಒಮ್ಮೆ ನೋಡು. ನೀ ಹ್ಞೂಂ ಅಂದ್ರ ತಗೋತೇನಿ.”

“ನನಗೇನ್ ತಿಳೀತೈತೋ ಅದು, ಗೇಮಿಂದು?”

“ಸಾಮಾನಂದ್ರ ಸಾಮಾನs. ನೀ ಬಾ.”

ಮಗ್ಗ ಒಂದು ದಿನ ಹೆಂಡತಿಯ ಕೈಗೆ ಬಿಟ್ಟು ಬಸ್ಸು ಹತ್ತಿದೆ.

ತಮ್ಮ ನನ್ನನ್ನು ಕರೆದೊಯ್ದ ಮಾರ್ಕೆಟ್ಟಿನ ಅಂಗಡಿಯವರು ವಯಸ್ಸಾದ ಸಾಹೇಬರು. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವರು, ಆಗ ಕಂಪ್ಯೂಟರಿನ ಬಿಡಿಸಾಮಾನು ಇಟ್ಟಿದ್ದರು. ಅಗ್ಗದ ಸೆಟ್ಟನ್ನು ನನ್ನ ಕೈಗೆ ಕೊಟ್ಟರು. ನಾನು ನನ್ನ ರೀತಿಯಲ್ಲಿ ಶುರು ಮಾಡಿದೆ. ತಲೆಯ ಪಟ್ಟಿಯನ್ನು ಅಗಲಿಸಿ ಬಿಟ್ಟೆ, ಮತ್ತೆ ತನ್ನ ಅಳತೆಗೆ ಬಂತು. ಕಿವಿಯ ಮೆತ್ತೆಯ ಹೊಲಿಗೆ ಎಳೆದೆ, ದಾರ ಬಿಡಲಿಲ್ಲ. ಮೈಕಿನ ಕಡ್ಡಿ ಮಾತ್ರ ಸಡಿಲು.

“ಇದು ನಾಕ್ ದಿನಕ್ಕ ಮುರೀತೈತ್ರಿ.”

“ಮುರದ್ರ ನಾ ಇಲ್ಲೇ ಇರ್ತೇನ್ರಿ ಯಜಮಾನ್ರ. ಊರು ಬಿಟ್ಟು ಎಲ್ಲಿ ಹೋಗ್ಲಿ?”

ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ಹಾಡು ಹಚ್ಚಿಸಿ, ಸೆಟ್ಟನ್ನು ಹಾಕಿಕೊಂಡು ಎಷ್ಟು ದೂರ ಕೇಳಿಸುತ್ತದೆ ನೋಡೋಣವೆಂದು ಬೀದಿಗೆ ಇಳಿದೆ. ಧೋತರ ಉಟ್ಟು, ತಲೆಯ ಮೇಲೆ ಕರಿ ಡಬ್ಬಿ ಇಟ್ಟುಕೊಂಡು, ಬಾಯಿ ಮುಂದೆ ಕಡ್ಡಿ ಚಾಚಿಕೊಂಡು ಹೊರಟ ನನ್ನನ್ನು ನೋಡಿ ಬಾಳೆಹಣ್ಣು ಮಾರುವಾಕೆ ಸೆರಗು ಬಾಯಿಗೆ ಹಿಡಿದಳು. ಎದುರಿನ ಕಟ್ಟೆ ಮುಟ್ಟುವವರೆಗೆ ಹಾಡು ಕಡಿಯಲಿಲ್ಲ. ಅಲ್ಲಿಗೆ ಮನಸ್ಸಿನಲ್ಲೇ ಮುಕ್ಕಾಲು ಪಾಸು ಮಾಡಿದ್ದೆ.

ಒಳಗೆ ಬಂದ ಮೇಲೆ ತಮ್ಮ ಅದೇ ಕಂಪ್ಯೂಟರಿನಲ್ಲಿ ಆಟ ಹಚ್ಚಿದ. “ಅಣ್ಣಾ, ಖರೆ ಪರೀಕ್ಷಾ ಇದು. ಆಟದಾಗ ವೈರಿ ಎಡಕ್ಕಿಂದ ಬಂದ್ರ ಎಡಗಿವ್ಯಾಗ ಹೆಜ್ಜಿ ಸಪ್ಪಳ ಕೇಳಬೇಕು, ಬಲಕ್ಕಿಂದ ಬಂದ್ರ ಬಲಗಿವ್ಯಾಗ. ಅದು ಗೊತ್ತಾಗ್ಲಿಲ್ಲಂದ್ರ ಹುಡುಗ್ರು ಮುಟ್ಟಂಗಿಲ್ಲ. ಕಣ್ ಮುಚ್ಚು. ಯಾ ಕಡೆ, ಹೇಳು.”

ಕಣ್ಣು ಮುಚ್ಚಿದೆ. ಬಲಗಡೆ ಬೂಟಿನ ಹೆಜ್ಜೆ ಸ್ವಚ್ಛ ಕೇಳಿತು. ಕೈ ಎತ್ತಿ ತೋರಿಸಿದೆ. ಆಮೇಲೆ ಏನೂ ಇಲ್ಲ. ಕಾದೆ.

“ಹಚ್ಚೋ ಮತ್ತ.”

“ಹಚ್ಚೇನಲ್ಲೋ ಅಣ್ಣಾ. ವೈರಿ ಬಂದು ನಿನ್ನ ಕೊಂದೂ ಹೋದ.”

ಕಣ್ಣು ತೆರೆದು ಸೆಟ್ಟನ್ನು ಸಾಹೇಬರ ಮುಂದೆ ಇಟ್ಟೆ. “ಎಡಗಡಿ ಸತ್ತೈತ್ರಿ ನಿಮ್ಮ ಮಾಲು.” ಹೇಳುವಾಗ ನನಗೆ ಖುಷಿಯೇ ಆಗಿತ್ತು. ಇದಕ್ಕೇ ತಾನೇ ಇಳಕಲ್ಲಿನಿಂದ ಕರೆಸಿದ್ದು.

ಸಾಹೇಬರು ಹೊಸ ಡಬ್ಬಿ ಒಡೆದರು. ಅದರಲ್ಲೂ ಎಡಗಡೆ ಸತ್ತಿತ್ತು. ತುಟ್ಟಿಯ ಕಂಪನಿಯದು ತೆಗೆದರು. ಅದೂ ಸತ್ತಿತ್ತು. ನನ್ನ ದನಿ ಏರಿತು. “ದೂರದವ್ರು ಅಂತ ಕೆಟ್ಟ ಮಾಲು ತೋರಸ್ತೀರೇನ್ರಿ? ನಾ ಏನ್ ಇವತ್ತ ಸಂತಿಗೆ ಬಂದಾವಲ್ಲ!”

ತಮ್ಮ ಆ ಸೆಟ್ಟನ್ನು ತನ್ನ ತಲೆಗೆ ಹಾಕಿಕೊಂಡ. ಸ್ವಲ್ಪ ಹೊತ್ತು ಕೇಳಿದ. ತೆಗೆದ. ನನ್ನ ಮುಖ ನೋಡಲಿಲ್ಲ, ಕಂಪ್ಯೂಟರಿನ ಪರದೆಯನ್ನೇ ನೋಡುತ್ತ ನಿಂತ.

“ಒಂದ್ ನಿಮಿಷ್ರಿ ಯಜಮಾನ್ರ,” ಎಂದು ಸಾಹೇಬರು ಸೆಟ್ಟನ್ನು ಹಿಂದುಮುಂದು ಮಾಡಿ ತಾವೇ ನನ್ನ ತಲೆಗೆ ಹಾಕಿದರು. ಮೈಕಿನ ಕಡ್ಡಿ ಬೆನ್ನ ಕಡೆಗೆ ಹೋಯಿತು. ನಾನು ಸತ್ತಿದೆ ಅಂದ ಎಡಗಡೆಯ ಮೆತ್ತೆ ಈಗ ಬಲಗಿವಿಯ ಮೇಲಿತ್ತು. ಅದರೊಳಗೆ ಬೂಟಿನ ಹೆಜ್ಜೆ, ಠಕ್ ಠಕ್ ಎಂದು, ಹತ್ತಿರ ಹತ್ತಿರ ಬಂತು. ಎಡಗಡೆ ಮೊದಲಿನಂತೆಯೇ ಸುಮ್ಮನಿತ್ತು.

ಸತ್ತದ್ದು ಮಾಲಲ್ಲ. ಯಾರ ಮೇಲೆ ಜಗಳ ತೆಗೆಯುವುದು?

ಸಾಹೇಬರು ಮೆಲ್ಲಗೆ ಸೆಟ್ಟು ಇಳಿಸಿಕೊಂಡರು. “ನಿಮ್ಮ ಮಾತು ಖರೆ ಐತ್ರಿ. ಈ ಮಾಲಿನ್ಯಾಗ ಎಡಗಡಿ ಸ್ವಲ್ಪ ಸಣ್ಣಗs ಬರ್ತೈತಿ. ಕಂಪನಿಗೆ ಹೇಳ್ತೇನಿ.”

ಅವರು ಸುಳ್ಳು ಹೇಳಿದ್ದು ನನಗೆ ಗೊತ್ತಾಯಿತು. ನನಗೆ ಗೊತ್ತಾದದ್ದು ಅವರಿಗೂ ಗೊತ್ತಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಯಾವ್ದ್ ತಗೊಳ್ಳಲಿ ಅಣ್ಣಾ?” ಎಂದ ತಮ್ಮ, ನೆಲ ನೋಡುತ್ತ.

“ನೀನs ನೋಡು,” ಎಂದೆ. ಆ ಮಾತು ನಾನು ಅವನಿಗೆ ಅಲ್ಲಿಯವರೆಗೆ ಹೇಳಿದವನೇ ಅಲ್ಲ.

ಊಟ ಮಾಡಿ ಹೋಗು ಎಂದರೂ ನಿಲ್ಲದೆ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕುಳಿತು ಬಲಗಿವಿಗೆ ಬೆರಳು ಒತ್ತಿದೆ. ನಾನು ಕುಳಿತ ಬಸ್ಸೇ ದೂರ ಹೋದಂತಾಯಿತು. ಕುಂಡಿಯ ಕೆಳಗೆ ಇಂಜಿನ್ನಿನ ನಡುಕ ಇತ್ತು, ಸಪ್ಪಳ ಇರಲಿಲ್ಲ. ಅಮೀನಗಡದಲ್ಲಿ ಬಸ್ಸು ನಿಂತಾಗ ಒಬ್ಬ ಕಿಟಕಿಗೆ ಬಂದು ಬಾಯಿ ತೆರೆದ, ಮುಚ್ಚಿದ. ಬೆರಳು ತೆಗೆದೆ. “ಕರದಂಟ್! ಅಮೀನಗಡ ಕರದಂಟ್!” ಎಂದು ಒದರುತ್ತಿದ್ದ. ಮತ್ತೆ ಒತ್ತಿದೆ. ಹುನಗುಂದ ದಾಟುವವರೆಗೂ ಒತ್ತುವುದು, ತೆಗೆಯುವುದು ಇದನ್ನೇ ಮಾಡಿದೆ. ಫೋನನ್ನು ಬಲಗಿವಿಗೇ ಹಿಡಿಯುವುದು ಬಲಗೈ ರೂಢಿಯಿಂದ ಎಂದುಕೊಂಡಿದ್ದೆನಲ್ಲ, ಅದರ ಖರೆ ಕಾರಣವೂ ಈಗ ಹೊಳೆಯಿತು.

ಇಷ್ಟು ದಿನ ತಿಳಿಯದೆ ಹೇಗೆ ಇದ್ದೆ ಎಂದು ಬೇರೆ ಊರಿನವರು ಕೇಳಬಹುದು. ಪವರ್‌ಲೂಮಿನ ಮನೆಯಲ್ಲಿ ಯಾರೂ ಬಾಯಿಂದ ಮಾತಾಡುವುದಿಲ್ಲ. ಮಗ್ಗ ಹೊಡೆಯುವಾಗ ಬಾಯಿಗೆ ಬೆಲೆಯಿಲ್ಲ. ಎರಡು ಬೆರಳು ಕತ್ತರಿಯಂತೆ ಆಡಿಸಿದರೆ ಎಳೆ ಹರಿದಿದೆ, ಅಂಗೈ ಬಾಯಿಗೆ ತಂದರೆ ಊಟ, ಹೆಬ್ಬೆರಳು ಬಾಗಿಲ ಕಡೆ ತೋರಿಸಿದರೆ ಯಾರೋ ಬಂದಿದ್ದಾರೆ. ಉಳಿದದ್ದು ತುಟಿ ನೋಡಿ. ನಮ್ಮ ಓಣಿಯಲ್ಲಿ ಕಿವಿ ಇದ್ದವನೂ ಇಲ್ಲದವನೂ ಹಗಲೆಲ್ಲ ಒಂದೇ.

ಮನೆ ಮುಟ್ಟಿದಾಗ ಕರೆಂಟು ಹೋಗಿ ಮಗ್ಗಗಳು ನಿಂತಿದ್ದವು. ಹೆಂಡತಿ ನೀರು ತಂದು ನನ್ನ ಬಲಕ್ಕೆ ಬಂದು ನಿಂತಳು. ಎಡಕ್ಕೆ ಜಾಗ ಇತ್ತು, ಬಾಗಿಲೂ ಆ ಕಡೆಯೇ. ಆದರೂ ಸುತ್ತು ಹಾಕಿ ಬಲಕ್ಕೆ ಬಂದಳು.

“ನನಗ ಎಡಗಿವಿ ಕೇಳ್ಸವಲ್ದು,” ಎಂದೆ.

ಆಕೆ ಚರಿಗೆ ಕೆಳಗಿಟ್ಟಳು. “ಗೊತ್ತೈತ್ರಿ.”

“ಯಾವಾಗಿಂದ?”

“ಭಾಳ ದಿನಾತು. ನಿಮಗ ಗೊತ್ತಿದ್ದೂ ಹೇಳವಲ್ರಿ ಅಂತ ತಿಳದಿದ್ದೆ. ಕೇಳಿದ್ರ ಸಿಟ್ಟಿಗೇಳ್ತೀರಿ ಅಂತ ನಾನೂ ಸುಮ್ನಾದೆ.”

“ನನಗ ಇವತ್ತ ಗೊತ್ತಾತು.”

ಆಕೆ ನಗಲು ಹೋಗಿ ತಡೆದಳು. ನಾನು ತಮಾಷೆ ಮಾಡುತ್ತಿಲ್ಲ ಎಂದು ಮುಖ ನೋಡಿ ಆಕೆಗೆ ತಿಳಿಯಿತು.

ದವಾಖಾನೆಗೂ ಹೋದೆ. ಹೋದದ್ದು ತಿರುಗಿ ಬರುವುದಿಲ್ಲ, ಇದ್ದದ್ದನ್ನಾದರೂ ಕಾಯಿರಿ, ಮಗ್ಗದಿಂದ ದೂರ ಇರಿ ಎಂದರು ಡಾಕ್ಟರು. ಎಷ್ಟು ದೂರ ಎಂದು ನಾನು ಕೇಳಲಿಲ್ಲ. ನನ್ನ ಮಲಗುವ ಜಾಗಕ್ಕೂ ಮಗ್ಗಕ್ಕೂ ನಡುವೆ ಇದ್ದದ್ದು ಒಂದು ಗೋಡೆ. ಬಲಗಿವಿಗೆ ಅರಳೆ ತುರುಕಿ ನಿಂತು ನೋಡಿದೆ. ಲಾಳಿಯ ಹೊಡೆತದ ಲಯ ತಪ್ಪಿದ್ದು ತಿಳಿಯದೆ ಒಂದು ಸೀರೆಯ ಅಂಚು ಕೆಟ್ಟಿತು. ಅರಳೆ ತೆಗೆದೆ. ತೆಗೆದರೆ ಕಿವಿ ಹೋಗುತ್ತದೆ, ಇಟ್ಟರೆ ಸೀರೆ.

ತಮ್ಮ ಅಗ್ಗದ್ದನ್ನೇ ಕೊಂಡ. ಹುಡುಗರಿಗೆ ಸೇರಿತಂತೆ. ಮೈಕಿನ ಕಡ್ಡಿ ಮಾತ್ರ ನಾನು ಹೇಳಿದಂತೆಯೇ ಮುರಿಯಿತು ಎಂದು ಫೋನಿನಲ್ಲಿ ಎರಡೆರಡು ಸಲ ಹೇಳಿದ. ನನ್ನನ್ನು ಸಮಾಧಾನ ಮಾಡುತ್ತಿದ್ದಾನೆ ಎಂದು ಗೊತ್ತಾಗದಷ್ಟು ದಡ್ಡ ನಾನಲ್ಲ.

ಆಮೇಲೂ ಅವನು ನನ್ನನ್ನು ಕರೆದ. ಕುರ್ಚಿ ತರುವಾಗ ಕರೆದ, ಅಂಗಡಿಗೆ ಕದ ಮಾಡಿಸುವಾಗ ಕರೆದ. ನಾನೂ ಹೋಗಿ ಬಡಿದು, ಬಾಗಿಸಿ, ಅಲ್ಲಾಡಿಸಿ ನೋಡಿ ಬಂದೆ. ಮೆಲ್ಲಗೆ ಹಾಡು ಹಚ್ಚಲು ಎರಡು ಸಣ್ಣ ಸ್ಪೀಕರ್ ಮಾತ್ರ ನನ್ನನ್ನು ಕರೆಯದೆ ತಂದಿದ್ದ, ಅವನ ಅಂಗಡಿಗೆ ಹೋದಾಗ ಕಣ್ಣಿಗೆ ಬಿದ್ದವು. ಒಂದು ಎಡಗಡೆ, ಒಂದು ಬಲಗಡೆ ಇಟ್ಟಿದ್ದ. ಚಹಾ ತರಿಸಿದ, ಕುಡಿದು ಬಂದೆ.