ಐದನೆಯ ಫೌಲು

ನೆಲ ಮುಟ್ಟುವ ಮೊದಲೇ ಸಂಗಯ್ಯನಿಗೆ ಗೊತ್ತಾಗಿತ್ತು, ಕೆಳಗೆ ಇನ್ನೊಬ್ಬನ ಕಾಲಿದೆ ಎಂದು. ಚೆಂಡು ಆಗಲೇ ಕೈಬಿಟ್ಟಿತ್ತು, ಅದು ಬುಟ್ಟಿಗೆ ಬೀಳುವುದೂ ಖಾತ್ರಿಯಿತ್ತು. ಇಳಿಯುವ ಹೊತ್ತಿನಲ್ಲಿ ಕಣ್ಣು ಕೆಳಗೆ ಹೋಯಿತು. ತಾನು ಕಾಲೂರಬೇಕಾದ ಜಾಗಕ್ಕೆ ಬಿಳಿ ಬೂಟೊಂದು ಸರಿದು ಬಂದು ನಿಂತಿತು. ಅದರಲ್ಲಿ ಅವಸರ ಇರಲಿಲ್ಲ. ಸಂಗಯ್ಯನ ಬಲಗಾಲು ಅದರ ಮೇಲೆ ಬಿದ್ದು ಹೊರಳಿತು. ಮೊಣಕಾಲಿನೊಳಗೆ ಹಸಿ ಬಿದಿರು ಸೀಳಿದಂಥ ಸದ್ದು. ಆ ಸದ್ದು ಅಂಗಳದ ಆಚೆ ಬದಿಯಲ್ಲಿ ನಿಂತವರಿಗೂ ಕೇಳಿತಂತೆ.

ಇದು ನಡೆದದ್ದು 1994ರ ಡಿಸೆಂಬರಿನಲ್ಲಿ, ಯಲ್ಲಾಪುರದಲ್ಲಿ, ಪಂದ್ಯಾವಳಿಯ ಹಿಂದಿನ ದಿನ ಬೆಳಗಿನ ಅಭ್ಯಾಸದಲ್ಲಿ. ಬೂಟು ಸುಜಯ ಹೆಗಡೆಯದು. ಎದುರಾಳಿಯದಾಗಿದ್ದರೆ ಸಂಗಯ್ಯ ಮರೆಯುತ್ತಿದ್ದನೋ ಏನೋ. ಸುಜಯ ತನ್ನದೇ ತಂಡದವನು, ನಾಲ್ಕು ವರ್ಷ ಪಕ್ಕದಲ್ಲಿ ಕೂತು ಉಂಡವನು.

ಸಂಗಯ್ಯ ಚಿಕ್ಕಮಠ ಬನವಾಸಿ ಕಡೆಯವನು. ಆರಡಿ ಎರಡಂಗುಲ ಎತ್ತರ, ಬಾಗಿಲಿಗೆ ತಲೆ ತಾಗಿಸಿಕೊಂಡೇ ಬೆಳೆದವನು. ಶಿರಸಿಯ ತ್ರಿದಳ ಸುಪಾರಿ ಕಂಪನಿಯ ಮಾಲೀಕ ದೇವರು ಹೆಗಡೆಯವರಿಗೆ ಬಾಸ್ಕೆಟ್‌ಬಾಲ್ ಹುಚ್ಚು. ಸಂಬಳ ಕೊಟ್ಟು ಆಟಗಾರರನ್ನು ಇಟ್ಟುಕೊಂಡ ತಂಡ ಸುತ್ತಿನ ಮೂರು ತಾಲ್ಲೂಕಿನಲ್ಲಿ ಅವರದೊಂದೇ. ಹುಡುಗರ ಹೆಸರು ಪ್ಯಾಕಿಂಗ್ ವಿಭಾಗದ ಹಾಜರಿಯಲ್ಲಿ, ಕೆಲಸ ಮಾತ್ರ ಬೆಳಿಗ್ಗೆ ಸಂಜೆ ಚೆಂಡಾಟ. ಹುಬ್ಬಳ್ಳಿ, ಬೆಳಗಾವಿ, ದಾಂಡೇಲಿ, ಎಲ್ಲಿ ಪಂದ್ಯವಿದ್ದರೂ ಕಂಪನಿಯ ಮೆಟಡೋರ್ ಹೊರಡುತ್ತಿತ್ತು. ಎಂಬತ್ತಾರರಲ್ಲಿ ಸೇರಿದ ಸಂಗಯ್ಯ ಎಂಟು ವರ್ಷದಲ್ಲಿ ಗಳಿಸಿದ ಅಂಕ 2846. ಆಫೀಸಿನ ಗೋಡೆಯ ಮೇಲೊಂದು ನೀಲಿ ಹಲಗೆ ಇತ್ತು. ತಂಡ ಶುರುವಾದಾಗಿನಿಂದ ಯಾರು ಎಷ್ಟು ಹೊಡೆದರು ಎಂದು ಅದರಲ್ಲಿ ಬರೆದಿತ್ತು. ಮೇಲಿನ ಹೆಸರು ಸಂಗಯ್ಯನದು. ಎರಡನೆಯವನು ಅವನಿಗಿಂತ ಸಾವಿರ ಹಿಂದೆ.

ಸುಜಯ, ದೇವರು ಹೆಗಡೆಯವರ ತಂಗಿಯ ಮಗ. ಒಳ್ಳೆಯ ಆಟಗಾರನೇ, ಸುಳ್ಳು ಹೇಳಬಾರದು. ಆದರೆ ಸಂಗಯ್ಯ ಅಂಗಳದಲ್ಲಿ ಇರುವ ತನಕ ಚೆಂಡು ಬುಟ್ಟಿಯ ಕೆಳಗೆ ಅವನ ಕೈಗೇ ಹೋಗುತ್ತಿತ್ತು, ಸುಜಯನ ಕೈಗೆ ಬರುತ್ತಿರಲಿಲ್ಲ.

ಹುಬ್ಬಳ್ಳಿಯ ಆಸ್ಪತ್ರೆಗೆ ಹೆಗಡೆಯವರು ಒಮ್ಮೆ ಬಂದರು, ಮೂಸಂಬಿ ಹಿಡಿದುಕೊಂಡು. ಸುಜಯ ಬಾಗಿಲ ಹತ್ತಿರವೇ ನಿಂತ.

"ನೋಡು ಸಂಗಯ್ಯ, ಆಟ ಅಂದ್ಮೇಲೆ ಬೀಳೋದು ಏಳೋದು ಇದ್ದದ್ದೇ" ಎಂದರು ಹೆಗಡೆಯವರು.

"ನಾ ಬಿದ್ದಿಲ್ರೀ ಹೆಗಡೇರೆ. ನನ್ನ ಬೀಳಿಸ್ಯಾರ. ಅಲ್ಲಿ ನಿಂತಾರ ನೋಡ್ರಿ, ಅವರ್ನ ಕೇಳ್ರಿ."

ಸುಜಯ ಮಾವನ ಮುಖವನ್ನಷ್ಟೇ ನೋಡಿದ. "ಆನು ಎಂತೂ ಮಾಡಿದ್ನಿಲ್ಲೆ ಮಾವಾ. ಅಲ್ಲಿ ನೀರು ಬಿದ್ದಿತ್ತು, ಅವನೇ ಜಾರ್ದ."

ಯಲ್ಲಾಪುರದ ಆ ಅಂಗಳದಲ್ಲಿ ಅವತ್ತು ಒಂದು ಹನಿ ನೀರಿರಲಿಲ್ಲ. ಹೆಗಡೆಯವರಿಗೂ ಅದು ಗೊತ್ತಿತ್ತು, ಅವರು ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಆದರೂ ಅವರು ಮೂಸಂಬಿಯ ಚೀಲ ಮಂಚದ ಕೆಳಗೆ ಸರಿಸಿ, "ಸಾಕು, ಬಾ" ಎಂದು ಅಳಿಯನನ್ನು ಕರೆದುಕೊಂಡು ಹೋದರು. ಇನ್ನು ನಡೆಯಬಹುದು, ಒಂದಿಷ್ಟು ಓಡಲೂಬಹುದು, ಜಿಗಿಯುವಂತಿಲ್ಲ ಎಂದರು ಡಾಕ್ಟರು. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸವಿಲ್ಲ ಎಂಬ ಕಾಗದವೂ ಬಂತು.

ಸಂಗಯ್ಯ ಊರ ಕಡೆಯ ಅನಾನಸ್ ತರಿಸಿ ಲಾರಿಗೆ ತುಂಬಿಸುವ ಕೆಲಸ ಹಿಡಿದ. ಹೊಟ್ಟೆಗೆ ಕೊರತೆಯಾಗಲಿಲ್ಲ. ಕೊರತೆಯಾದದ್ದು ಮಾತಿಗೆ. ಹೆಂಡತಿ ನೀಲಗಂಗವ್ವ ತಾಟು ಮುಂದಿಟ್ಟರೆ ತುತ್ತು ಕೈಯಲ್ಲೇ ಹಿಡಿದು ಗೋಡೆ ನೋಡುತ್ತಿದ್ದ.

"ಏನ್ ವಿಚಾರ ಮಾಡಾಕತ್ತೀರಿ?" ಎಂದು ಆಕೆ ಒಂದು ದಿನ ಕೇಳಿಯೇ ಬಿಟ್ಟಳು.

"ಅಂಗಳದಾಗ ಆ ಸುಜಯನಕಿಂತ ಮ್ಯಾಲ ಇರಾಂವ ಯಾರು ಹೇಳು?"

"ಭಗವಂತ."

"ಭಗವಂತ ಬಾಸ್ಕೆಟ್‌ಬಾಲ್ ನೋಡಾಕ ಬರೂದಿಲ್ಲ. ಸೀಟಿ ಊದಾಂವ ಬರ್ತಾನ."

ಸಿದ್ದಾಪುರದಲ್ಲಿ ಕೆರಿಯಪ್ಪ ಎಂಬ ಪಿ.ಟಿ. ಮಾಸ್ತರರಿದ್ದರು. ಸುತ್ತಿನ ಪಂದ್ಯಗಳಿಗೆಲ್ಲ ಅವರೇ ರೆಫ್ರಿ. ಒಬ್ಬ ಜೊತೆಗಾರನಿಲ್ಲದೆ ಒದ್ದಾಡುತ್ತಿದ್ದರು. ಸಂಗಯ್ಯ ವಾರಕ್ಕೆರಡು ಸಲ ಬಸ್ಸು ಹಿಡಿದು ಹೋಗಿ ಅವರ ಹತ್ತಿರ ನಿಯಮ ಕಲಿತ. ಶಾಲೆಯ ಅಂಗಳದಲ್ಲಿ ಮಕ್ಕಳ ಆಟಕ್ಕೆ ಸೀಟಿ ಊದಿದ, ತೊಂಬತ್ತಾರರಲ್ಲಿ ಧಾರವಾಡಕ್ಕೆ ಹೋಗಿ ಪರೀಕ್ಷೆ ಪಾಸು ಮಾಡಿ ಬಂದ. ಮಾಸ್ತರರಿಗೆ ಶಿಷ್ಯನೆಂದರೆ ಜೀವ. "ಈ ಮಾರಾಯನ ಕಣ್ಣಿಗೆ ಒಂದು ತಪ್ಪಿ ಹೋಗ್ಲಿ ಕಾಂಬ" ಎಂದು ಕಂಡವರೆದುರು ಹೊಗಳುತ್ತಿದ್ದರು.

ತ್ರಿದಳದ ಪಂದ್ಯಗಳಿಗೂ ಅವನು ಸೀಟಿ ಊದಿದ. ಒಂದಲ್ಲ, ಹದಿನೇಳು. ಸೇಡು ತೀರಿಸಿಕೊಳ್ಳಲು ಬೇಕಾದಷ್ಟು ಅವಕಾಶ ಸಿಕ್ಕಿತು. ಒಂದನ್ನೂ ಮುಟ್ಟಲಿಲ್ಲ. ಸುಜಯನಿಗೆ ಸಲ್ಲಬೇಕಾದ ಬುಟ್ಟಿಯನ್ನು ಕೂದಲೆಳೆಯಷ್ಟೂ ಕಡಿಮೆ ಮಾಡದೆ ಸಲ್ಲಿಸಿದ. ಒಮ್ಮೆ ದಾಂಡೇಲಿಯಲ್ಲಿ ಸುಜಯನ ಪರ ಕೊಟ್ಟ ತೀರ್ಪಿನಿಂದಲೇ ತ್ರಿದಳ ಗೆದ್ದಿತು. ಅವತ್ತು ಸುಜಯ ಬಂದು ಬೆನ್ನು ತಟ್ಟಿ ಹೋದ. ಸಂಗಯ್ಯ ಆ ಅಂಗಿಯನ್ನು ಮನೆಗೆ ಬಂದವನೇ ಕಳಚಿ ನೆನೆಹಾಕಿದ.

ಊರು ಅವನನ್ನು ದೊಡ್ಡ ಮನಸ್ಸಿನವನು ಎಂದು ಕರೆಯಿತು. ಮನಸ್ಸು ಎಷ್ಟು ದೊಡ್ಡದು ಎಂಬುದು ನೀಲಗಂಗವ್ವನಿಗೊಬ್ಬಳಿಗೆ ಗೊತ್ತಿತ್ತು. ಪೇಪರಿನಲ್ಲಿ ತ್ರಿದಳದ ಪಂದ್ಯದ ವರದಿ ಬಂದ ದಿನವೆಲ್ಲ ಗಂಡ ಸುಜಯನ ಅಂಕಗಳನ್ನು ಬೆರಳಲ್ಲಿ ಕೂಡುವುದನ್ನು ಆಕೆ ನೋಡುತ್ತಿದ್ದಳು. ಎರಡು ಸಾವಿರ. ಎರಡು ಸಾವಿರದ ಐನೂರು. ಅವನು ಕಾಯುತ್ತಿದ್ದುದು ಸುಜಯ ಸೋಲುವುದಕ್ಕಲ್ಲ, ಏರುವುದಕ್ಕೆ. ಒಂದು ಮೆಟ್ಟಿಲು ಬಾಕಿ ಇರುವವರೆಗೂ ಏರಲಿ ಎಂದು.

2003ರ ಜನವರಿ. ಸಿದ್ದಾಪುರದ ಪಂದ್ಯಾವಳಿಯ ಫೈನಲ್‌ಗೆ ಬರುವ ಹೊತ್ತಿಗೆ ಸುಜಯ 2839ಕ್ಕೆ ಮುಟ್ಟಿದ್ದ. ಇನ್ನೆಂಟು ಹೊಡೆದರೆ ನೀಲಿ ಹಲಗೆಯಲ್ಲಿ ಮೇಲಿನ ಹೆಸರು ಅವನದು. ವಯಸ್ಸು ಮೂವತ್ತೊಂದು, ಅದೇ ಕೊನೆಯ ವರ್ಷ ಎಂದು ತಾನೇ ಹೇಳಿಕೊಂಡಿದ್ದ. ದೇವರು ಹೆಗಡೆಯವರು ಪಂದ್ಯದ ಹಿಂದಿನ ದಿನ ಅನಾನಸ್ ಲಾರಿಯ ಹತ್ತಿರವೇ ಕಾರು ನಿಲ್ಲಿಸಿದರು.

"ನಾಳೆ ರೆಫ್ರಿ ನೀನೇ ಆಗ್ಬೇಕು ಅಂತ ನಾನೇ ಹೇಳಿದ್ದೇನೆ ಸಂಗಯ್ಯ. ಸುಜಯ ನಿನ್ನ ದಾಖಲೆ ದಾಟಿದ ಕೂಡ್ಲೇ ಆಟ ಒಂದು ನಿಮಿಷ ನಿಲ್ಸು. ಹಾರ ತಂದಿರ್ತೇವೆ. ನಿನ್ನ ಕೈಯಿಂದಲೇ ಹಾಕ್ಸಿದ್ರೆ ಚಂದ. ಫೋಟೋದವರೂ ಬರ್ತಾರೆ."

"ಆಗ್ಲಿ ಬಿಡ್ರಿ" ಎಂದ ಸಂಗಯ್ಯ. ಅವರ ಕಾರು ತಿರುವು ದಾಟುವವರೆಗೂ ನಿಂತು ನೋಡಿದ. ಬಲಗಾಲು ಮುರಿಸಿಕೊಂಡದ್ದು ಸಾಲದು, ಈಗ ಹಾರವನ್ನೂ ಹಾಕಬೇಕು.

ನಾಲ್ಕು ಗಂಟೆಯ ಬಿಸಿಲಿನಲ್ಲಿ ಆಟ ಶುರುವಾಯಿತು. ಎದುರಾಳಿ ಹಾವೇರಿಯವರು. ಒಂದು ತುದಿಗೆ ಸಂಗಯ್ಯ, ಇನ್ನೊಂದು ತುದಿಗೆ ಕೆರಿಯಪ್ಪ ಮಾಸ್ತರರು. ಒಬ್ಬ ಆಟಗಾರನಿಗೆ ಐದು ಫೌಲು ಬಿದ್ದರೆ ಅವನು ಹೊರಗೆ, ಮತ್ತೆ ಆ ಪಂದ್ಯದಲ್ಲಿ ಆಡುವಂತಿಲ್ಲ. ಸುಜಯನ ಆಟದಲ್ಲಿ ಮೊಣಕೈಯೂ ಸೇರಿತ್ತು, ತಳ್ಳಾಟವೂ ಸೇರಿತ್ತು. ಈ ಸೀಮೆಯಲ್ಲಿ ಎಲ್ಲರೂ ಅದನ್ನು ಕಂಡೂ ಕಾಣದಂತೆ ಬಿಡುತ್ತಿದ್ದರು. ಅವತ್ತು ಸಂಗಯ್ಯ ಬಿಡಲಿಲ್ಲ.

ಮೂರನೇ ನಿಮಿಷಕ್ಕೆ ಸುಜಯ ಮೊಣಕೈಯಿಂದ ತಿವಿದ, ಒಂದು. ನಕ್ಕು ಕೈ ಎತ್ತಿದ. ಎದುರಾಳಿಯ ಅಂಗಿಯ ಚುಂಗು ಹಿಡಿದು ಎಳೆದ, ಎರಡು. "ಏಯ್ ರೆಫ್ರೀ, ಅದೂ ಒಂದು ಫೌಲಾ?" ಎಂದು ಜನ ಕೂಗಿದರು. ಎರಡನೇ ಕ್ವಾರ್ಟರಿನಲ್ಲಿ ಬೆನ್ನಿಗೆ ಕೈಕೊಟ್ಟು ತಳ್ಳಿದ, ಮೂರು. ಈಗ ಅವನ ನಗು ನಿಂತಿತ್ತು. ಆದರೂ ನಡುನಡುವೆ ಬುಟ್ಟಿ ಬೀಳುತ್ತಲೇ ಇತ್ತು, ಎರಡು, ನಾಲ್ಕು, ಆರು. ಮೂರನೇ ಕ್ವಾರ್ಟರಿನ ಕೊನೆಗೆ ಸಿಟ್ಟಿನಿಂದ ಒಬ್ಬನ ಮುಂಗೈಗೆ ಬಾರಿಸಿದ. ನಾಲ್ಕು. ನಾಲ್ಕೂ ನಿಜವಾದ ಫೌಲುಗಳೇ.

ಕೊನೆಯ ಕ್ವಾರ್ಟರ್. ಸುಜಯ 2845ರಲ್ಲಿದ್ದಾನೆ. ಇನ್ನೊಂದು ಬುಟ್ಟಿ, ಎರಡು ಅಂಕ, ಮುಗಿಯಿತು. ಮುಂದಿನ ಸಾಲಿನಲ್ಲಿ ದೇವರು ಹೆಗಡೆಯವರು ಹಾರವನ್ನು ತೊಡೆಯ ಮೇಲೆ ಬಿಡಿಸಿ ಇಟ್ಟುಕೊಂಡಿದ್ದರು.

ಸುಜಯ ಚೆಂಡು ಹಿಡಿದು ಬಲಗಡೆಯಿಂದ ನುಗ್ಗಿದ. ಹಾವೇರಿಯ ಶರಣ ಎಂಬವನು ಅಡ್ಡ ಬಂದ. ಇಬ್ಬರೂ ಡಿಕ್ಕಿ ಹೊಡೆದು ಉರುಳಿದರು. ಚೆಂಡು ಹಲಗೆಗೆ ಬಡಿದು ಬುಟ್ಟಿಯೊಳಗೆ ಇಳಿಯಿತು. ಸಂಗಯ್ಯ ಸೀಟಿ ಊದಿದ.

ಅಡ್ಡ ಬಂದವನು ಕಾಲೂರಿ ನಿಂತಿದ್ದರೆ ತಪ್ಪು ನುಗ್ಗಿದವನದು, ಬುಟ್ಟಿ ರದ್ದು. ಅಡ್ಡ ಬಂದವನು ಇನ್ನೂ ಸರಿಯುತ್ತಿದ್ದರೆ ತಪ್ಪು ಅವನದು, ಬುಟ್ಟಿ ಸಲ್ಲುತ್ತದೆ. ಸಂಗಯ್ಯ ನಿಂತಿದ್ದದ್ದು ಎರಡು ಮಾರು ದೂರದಲ್ಲಿ. ಶರಣನ ಹಿಮ್ಮಡಿ ಸಿಮೆಂಟಿನ ಮೇಲೆ ಜರುಗುತ್ತಿದ್ದುದನ್ನು ಅವನು ಚೆನ್ನಾಗಿ ನೋಡಿದ. ತನ್ನ ಕೆಳಗೆ ಬಂದು ನಿಂತ ಬಿಳಿ ಬೂಟನ್ನು ನೋಡಿದಷ್ಟೇ ಚೆನ್ನಾಗಿ.

ಜನ ಎದ್ದು ನಿಂತಿದ್ದರು. ಸುಜಯ ಕೂತಲ್ಲಿಂದಲೇ ಎರಡೂ ಕೈ ಮೇಲೆತ್ತಿದ್ದ. ಹೆಗಡೆಯವರು ಹಾರ ಹಿಡಿದು ಗೆರೆಯ ಹತ್ತಿರ ಬಂದಿದ್ದರು. ಸಂಗಯ್ಯ ಅವಸರ ಮಾಡಲಿಲ್ಲ. ಎಲ್ಲರೂ ತನ್ನ ಕಡೆ ತಿರುಗಲಿ ಎಂದು ಕಾದ. ಆಮೇಲೆ ಬಲಗೈ ಮುಷ್ಟಿ ಮಾಡಿ ಎಡ ಅಂಗೈಗೆ ಗುದ್ದಿದ. ನುಗ್ಗಿದವನ ತಪ್ಪು. ಬುಟ್ಟಿ ಇಲ್ಲ. ಐದೂ ಬೆರಳು ಬಿಡಿಸಿ ಅಂಕ ಬರೆಯುವ ಮೇಜಿನವರಿಗೆ ತೋರಿಸಿದ.

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸುಜಯ ಓಡಿ ಬಂದ. "ಅವ ಸರೀತಾ ಇದ್ದ! ನಿಂಗೆ ಕಾಣ್ಲಿಲ್ವಾ? ಸರೀತಾ ಇದ್ದ ಅವ!"

"ಹೊರಗ ನಡೀರಿ" ಎಂದ ಸಂಗಯ್ಯ.

ಎಂಟು ವರ್ಷ ಹೊಟ್ಟೆಯೊಳಗೆ ಉರಿಯುತ್ತಿದ್ದದ್ದು ಆ ಎರಡು ಮಾತಿಗೆ ತಣ್ಣಗಾಯಿತು. ಸುಜಯ ತಲೆ ಬಗ್ಗಿಸಿ ಗೆರೆ ದಾಟುವುದನ್ನು ಅವನು ಕಣ್ಣು ಮಿಟುಕಿಸದೆ ನೋಡಿದ. ಪಾಪ ಅನ್ನಿಸಲಿಲ್ಲ. ಇನ್ನೊಂದು ಸಲ ನೋಡಬೇಕು ಅನ್ನಿಸಿತು.

ಹೆಗಡೆಯವರು ಬಾಸ್ಕೆಟ್‌ಬಾಲ್ ಸಂಘಕ್ಕೆ ದೂರು ಬರೆದರು. ರೆಫ್ರಿಯ ಕಣ್ಣಳತೆಯ ತೀರ್ಪಿಗೆ ಮೇಲ್ಮನವಿ ಇಲ್ಲ ಎಂದು ಉತ್ತರ ಬಂತು. ತಮಾಷೆಯೆಂದರೆ ಶಿರಸಿಯ ಚಾದಂಗಡಿಗಳಲ್ಲಿ ತಿಂಗಳುಗಟ್ಟಲೆ ಜಗಳವಾದದ್ದು ಆ ಎರಡನೇ ಫೌಲಿನ ಮೇಲೆ. ಅಂಗಿ ಎಳೆದದ್ದೆಲ್ಲ ಫೌಲಾಗುತ್ತದೆಯೇ ಎಂದು. ಐದನೆಯದನ್ನು ಯಾರೂ ಎತ್ತಲಿಲ್ಲ. ಸಂಗಯ್ಯನ ಹೆಸರು ಅಷ್ಟು ಗಟ್ಟಿಯಿತ್ತು.

ಕೆರಿಯಪ್ಪ ಮಾಸ್ತರರೊಬ್ಬರು ಕೇಳಿದರು. ಪಂದ್ಯ ಮುಗಿದು ಶಾಲೆಯ ಕೋಣೆಯಲ್ಲಿ ಬಟ್ಟೆ ಬದಲಿಸುವಾಗ.

"ಐದನೇದು ಎಂತದು ಮಾರಾಯಾ? ನಂಗೆ ಹಾಂಗೆ ಕಾಣ್ಲಿಲ್ಲಪ್ಪ."

"ನಿಮ್ಮ ಬದಿಯಿಂದ ಕಾಣೂದಿಲ್ಲ ಬಿಡ್ರಿ ಮಾಸ್ತರ."

ಮಾಸ್ತರರು ಬೂಟಿನ ದಾರ ಬಿಚ್ಚತೊಡಗಿದರು. ಅದಾದ ಮೇಲೆ ಅವರು ಯಾವ ಪಂದ್ಯಕ್ಕೂ ಸಂಗಯ್ಯನನ್ನು ಜೊತೆಗೆ ಕರೆಯಲಿಲ್ಲ. ಅದೊಂದು ಅವನಿಗೆ ನಾಟಿತು. ಎರಡು ಸಲ ಸಿದ್ದಾಪುರಕ್ಕೆ ಹೋಗಿ, ಅವರ ಮನೆಯ ಓಣಿಯವರೆಗೂ ನಡೆದು, ಹಿಂದಿರುಗಿ ಬಂದ.

ಮನೆಯಲ್ಲಿ ನೀಲಗಂಗವ್ವ ಕೇಳಿದ್ದಳು, "ಐದೂ ಖರೇ ಏನ್ರಿ?"

"ನಾಕು ಖರೇ."

ಆಕೆ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. "ಯಾಂವ ಏನರ ಅನ್ಲಿ. ಇವತ್ತ ನೀವು ಉಣ್ಣಾಕತ್ತೀರಲ್ಲ, ನನಗ ಅಷ್ಟ ಸಾಕು."

ಸುಜಯನಿಗೆ ಇನ್ನೊಂದು ಪಂದ್ಯ ಸಿಗಲಿಲ್ಲ. ಮಾರ್ಚಿನಲ್ಲಿ ದೇವರು ಹೆಗಡೆಯವರು ಹಾಸಿಗೆ ಹಿಡಿದರು. ಕಂಪನಿ ನೋಡಿಕೊಳ್ಳಲು ಬಂದ ಅವರ ಮಗಳು ಅಭಿಜ್ಞಾ, ಟೀವಿಯಲ್ಲಿ ಜಾಹೀರಾತು ಕೊಟ್ಟರೆ ಸಾಕು, ತಂಡ ಯಾಕೆ ಎಂದು ಏಪ್ರಿಲ್‌ನಲ್ಲಿ ಅದನ್ನು ಮುಚ್ಚಿದಳು. ನೀಲಿ ಹಲಗೆ ಹಾಗೇ ಉಳಿಯಿತು. ಮೇಲೆ 2846, ಕೆಳಗೆ 2845.

ಮತ್ತೆ ಇಬ್ಬರೂ ಎದುರಾದದ್ದು 2007ರಲ್ಲಿ, ಯಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ. ಸಂಗಯ್ಯ ಹೈಸ್ಕೂಲು ಹುಡುಗಿಯರ ಪಂದ್ಯಕ್ಕೆ ಸೀಟಿ ಊದಲು ಬಂದಿದ್ದ. ವಿಮೆಯ ಏಜೆಂಟನಾಗಿದ್ದ ಸುಜಯ ಬ್ಯಾಗು ಹಿಡಿದು ಹುಬ್ಬಳ್ಳಿ ಬಸ್ಸಿಗೆ ಕಾಯುತ್ತಿದ್ದ. ತಾನಾಗಿಯೇ ಹತ್ತಿರ ಬಂದ.

"ಒಂದು ಕೇಳ್ತೇನೆ. ಸುಳ್ಳು ಹೇಳ್ಬೇಡ. ಆವತ್ತು ಶರಣ ಸರೀತಾ ಇದ್ದ ಅಲ್ವಾ?"

"ಹೌದು. ಸರಿಯಾಕತ್ತಿದ್ದ."

ನಾಲ್ಕು ವರ್ಷ ಸುಜಯ ಅನುಮಾನದಲ್ಲಿ ಬದುಕಿದ್ದ. ಅನುಮಾನವಿದ್ದಷ್ಟು ದಿನ ಮನುಷ್ಯ ಹೇಗೋ ಸಮಾಧಾನ ಮಾಡಿಕೊಳ್ಳುತ್ತಾನೆ. ಸಂಗಯ್ಯ ಈಗ ಕಿತ್ತುಕೊಂಡದ್ದು ಅದನ್ನು, ಬೇಕೆಂದೇ.

"ಹಾಗಾದ್ರೆ ಬರ್ದು ಕೊಡು" ಎಂದ ಸುಜಯ. "ಪೇಪರಿಗೆ ಕೊಡ್ತೇನೆ. ಆ ಎರಡು ಅಂಕ ನಂದು."

"ಕೊಡ್ತೀನ್ರಿ. ಇದೇ ಊರಾಗ ನಿಮ್ಮ ಬೂಟು ನನ್ನ ಕೆಳಗ ಹ್ಯಾಂಗ ಬಂತು ಅನ್ನೂದನ್ನ ಮೊದಲ ನೀವು ಬರೀರಿ. ಅದರ ಕೆಳಗ ನಂದೂ ಬರದು ಸಹಿ ಮಾಡ್ತೀನಿ."

ಸುಜಯನ ಕಿಸೆಯಲ್ಲಿ ಎರಡು ಪೆನ್ನಿದ್ದವು. ಬ್ಯಾಗಿನ ತುಂಬ ಕಾಗದ. ಸಂಗಯ್ಯ ಕಲ್ಲುಬೆಂಚಿನ ಮೇಲೆ ಕಾಲು ಚಾಚಿ ಕೂತು ಕಾದ. ಹುಬ್ಬಳ್ಳಿಯ ಬಸ್ಸು ಬಂತು, ಜನ ಇಳಿದರು, ಜನ ಹತ್ತಿದರು, ಕಂಡಕ್ಟರ್ ಎರಡು ಸಲ ಕೂಗಿದ. ಸುಜಯ ನಿಂತೇ ಇದ್ದ. ಕೊನೆಗೆ, ಬಸ್ಸು ಹೊರಟ ಮೇಲೆ, ಅದರ ಹಿಂದೆ ಓಡಿ ಹತ್ತಿಕೊಂಡ.

ಹುಡುಗಿಯರ ಪಂದ್ಯ ಮೂರು ಗಂಟೆಗಿತ್ತು. ಸಂಗಯ್ಯ ಬೆಂಚು ಹಿಡಿದು ಎದ್ದು ಶಾಲೆಯ ಕಡೆ ನಡೆದ.