ಪೋಸ್ಟರಿನಲ್ಲಿ ಗುಣವಾದವನು

ಅವನ ಹುದ್ದೆಯ ಹೆಸರು ‘ಸಹವರ್ತಿ ಬೆಂಬಲ ತಜ್ಞ’. ಇಷ್ಟುದ್ದದ ಹೆಸರಿಗೆ ಬೇಕಿದ್ದ ಅರ್ಹತೆ ಒಂದೇ: ಒಮ್ಮೆ ತಲೆ ಕೆಟ್ಟಿರಬೇಕು, ಆಮೇಲೆ ನೆಟ್ಟಗಾಗಿರಬೇಕು. ಅದರಲ್ಲಿ ಅವನು ಮೊದಲ ದರ್ಜೆ. ಆರು ವರ್ಷದ ಹಿಂದೆ ಕೊರಿಯರ್ ಆಫೀಸಿನಲ್ಲಿದ್ದಾಗ ಒಂಬತ್ತು ದಿನ ನಿದ್ದೆಯಿಲ್ಲದೆ ಓಡಾಡಿ, ಗೋದಾಮಿನ ಅಷ್ಟೂ ಪಾರ್ಸೆಲ್ಲುಗಳನ್ನು ವಿಳಾಸದ ಗೊಡವೆಗೆ ಹೋಗದೆ ಬಣ್ಣದ ಪ್ರಕಾರ ಜೋಡಿಸಿ, ಲೋಕ ಉದ್ಧಾರವಾಯಿತೆಂದು ಮ್ಯಾನೇಜರನ್ನು ತಬ್ಬಿಕೊಂಡಿದ್ದ. ಮ್ಯಾನೇಜರು ತಬ್ಬಿಕೊಂಡ ಸ್ಥಿತಿಯಲ್ಲೇ ಆಸ್ಪತ್ರೆಗೆ ಫೋನು ಮಾಡಿದರು. ಅಂದು ಕೆಲಸ ಕಳೆದ ಕಾಯಿಲೆಯೇ ಇಂದು ಕೆಲಸ ಕೊಟ್ಟಿತ್ತು.

“ತಜ್ಞರು ಊಟಕ್ಕೆ ಬರ್ತಾರಾ, ಇಲ್ಲಾ ಬಣ್ಣ ನೋಡಿ ಬಡಿಸ್ಬೇಕಾ?” ಎಂದು ಭಾವ ಅಡುಗೆಮನೆಯಿಂದ ಕೂಗುತ್ತಿದ್ದರು. ಅಕ್ಕ ಗಂಡನನ್ನು ಗದರುತ್ತಿದ್ದಳು, ನಗು ತಡೆದುಕೊಂಡೇ. ಹೀಗೆ ಮನೆಯಲ್ಲೂ ಬೀದಿಯಲ್ಲೂ ಅವನಿಗೆ ‘ತಜ್ಞ’ ಎಂಬ ಹೆಸರು ಗಟ್ಟಿಯಾಯಿತು.

ಅವನು ಕೆಲಸ ಮಾಡುತ್ತಿದ್ದ, ಮನಸ್ಸಿನ ಕಾಯಿಲೆಯವರಿಗೆ ನೆರವಾಗುವ ಕೇಂದ್ರ ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲ ತಿರುವಿನಲ್ಲಿ ಆಳೆತ್ತರದ ಪೋಸ್ಟರು: ತಜ್ಞನ ನಗುಮುಖ, ಕೆಳಗೆ ‘ನಾನು ಗುಣವಾದೆ. ನೀವೂ ಆಗಬಹುದು.’ ಆ ಒಂದು ನಗು ಹೊರಡಿಸಲು ಫೋಟೋಗ್ರಾಫರ್ ಮುಕ್ಕಾಲು ಗಂಟೆ ಬೆವರು ಸುರಿಸಿದ್ದ.

ಕೇಂದ್ರದ ಮುಖ್ಯಸ್ಥೆಯಾದ ಮೇಡಂ ಮೊದಲ ದಿನವೇ ಹೇಳಿದ್ದರು: “ನಿಮ್ಮ ಕಥೆ ಹೇಳಿ, ನಿಮ್ಮ ಮಾತ್ರೆ ವಿಷ್ಯ ಹೇಳ್ಬೇಡಿ. ಮಾತ್ರೆ ಡಾಕ್ಟರ ಇಲಾಖೆ.” ತಜ್ಞ ಅಕ್ಷರಶಃ ಪಾಲಿಸಿದ. ಪ್ರತಿ ಗುರುವಾರದ ಸಭೆಯಲ್ಲಿ ಪಾರ್ಸೆಲ್ಲು, ಅಪ್ಪುಗೆ, ಆಸ್ಪತ್ರೆ, ಮರಳಿ ಬದುಕು, ಎಲ್ಲವನ್ನೂ ಹೇಳುತ್ತಿದ್ದ. ಎಲ್ಲಿ ನಗಿಸಬೇಕು, ಎಲ್ಲಿ ಒಂದು ಕ್ಷಣ ನಿಲ್ಲಿಸಿ ಕಿಟಕಿಯಾಚೆ ನೋಡಬೇಕು ಎಂಬುದೂ ಬಾಯಿಪಾಠವಾಗಿತ್ತು. ಮಧ್ಯಾಹ್ನ ಮಾತ್ರ ಫೈಲು ಕಪಾಟಿನ ಹಿಂದೆ ಹೋಗಿ ಎರಡು ಬಿಳಿ, ಒಂದು ಹಳದಿ ನುಂಗಿ ಬರುತ್ತಿದ್ದ. ಯಾರಾದರೂ ಕಂಡರೆ “ವಿಟಮಿನ್” ಎನ್ನುತ್ತಿದ್ದ. ಗುಣವಾದ ಮನುಷ್ಯನ ಮರ್ಯಾದೆಯ ಪ್ರಶ್ನೆ ನೋಡಿ.

ಒಂದು ಗುರುವಾರ ಮಧ್ಯಾಹ್ನ ಟೈಲರ್ ಅಕ್ಕನ ತಂಗಿಯ ಫೋನು ಬಂತು. ಟೈಲರ್ ಅಕ್ಕ ಶಾಲೆಗಳಿಗೆ ಸಮವಸ್ತ್ರ ಹೊಲಿಯುವಾಕೆ. ವರ್ಷದಿಂದ ಗುರುವಾರದ ಸಭೆಗೆ ಬರುತ್ತಿದ್ದಳು. ಹಿಂದೊಮ್ಮೆ ಕಾಯಿಲೆ ಏರಿದಾಗ, ಎದುರುಮನೆಯವರು ಹೊಲಿಗೆ ಮೆಷಿನ್ನಿನೊಳಗಿಂದ ತನ್ನ ಮಾತು ಕದ್ದು ಕೇಳುತ್ತಾರೆಂದು ನಂಬಿ, ಹೊಲಿದಿದ್ದ ಅರವತ್ತು ಅಂಗಿಗಳನ್ನೂ ಬಿಚ್ಚಿಹಾಕಿ, ಎರಡು ತಿಂಗಳು ಆಸ್ಪತ್ರೆಯಲ್ಲಿ ಕಳೆದಿದ್ದಳು.

“ಅಕ್ಕ ಮೆಷಿನ್ ಮೇಲೆ ಕಂಬಳಿ ಹೊದಿಸಿದ್ದಾಳೆ. ಈಗ್ಲೇ ಬನ್ನಿ,” ಎಂದಳು ತಂಗಿ.

ತಜ್ಞ ಹೋದಾಗ ಟೈಲರ್ ಅಕ್ಕ ಖುಷಿಯಾಗಿಯೇ ಇದ್ದಳು. ಪಿಸುಮಾತಿನಲ್ಲಿ ಬರಮಾಡಿಕೊಂಡಳು.

“ಬಾ ತಮ್ಮಾ. ಹನ್ನೆರಡು ದಿನ ಆಯ್ತು, ಮಾತ್ರೆ ಬಿಟ್ಟೆ. ನಿನ್ನ ಹಾಗೇ.”

“ನನ್ನ ಹಾಗೆ?”

“ನೀನು ಗುಣ ಆದ್ಯಲ್ಲ. ಗುಣ ಆದೋರು ಮಾತ್ರೆ ಯಾಕೆ ನುಂಗ್ತಾರೆ? ನಾನೂ ಗುಣ ಆದೆ.”

ತಜ್ಞನನ್ನು ತರಬೇತಿಯ ಚಾಳಿ ಬಿಡಲಿಲ್ಲ. ಮುಖವನ್ನು ಮೃದು ಮಾಡಿಕೊಂಡು, “ನಿಮ್ಮ ಭಾವನೆ ನನಗೆ ಅರ್ಥವಾಗುತ್ತೆ ಅಕ್ಕಾ,” ಎಂದ.

“ಅರ್ಥ ಆಗೋಕೆ ಇದೇನು ಪದ್ಯವಾ?”

ಬಾಗಿಲಲ್ಲಿ ನಿಂತಿದ್ದ ತಂಗಿ ಮುಖ ಆಚೆ ತಿರುಗಿಸಿದಳು. ಟೈಲರ್ ಅಕ್ಕ ಮಾತಿನ ನಡುವೆ ಎರಡು ಸಲ ಎದ್ದು ಹೋಗಿ ಕಂಬಳಿಯ ಅಂಚನ್ನು ಸರಿಮಾಡಿ ಬಂದಳು. ಅದನ್ನು ನೋಡಿದ ಮೇಲೆ ತಜ್ಞನಿಗೆ ಮೇಡಂ ಮಾತು ಮರೆತುಹೋಯಿತು. ಚೀಲದಿಂದ ಮಾತ್ರೆಯ ಸ್ಟ್ರಿಪ್ಪುಗಳನ್ನು ತೆಗೆದು ಟೇಬಲ್ಲಿನ ಮೇಲಿಟ್ಟ.

“ಇದು ವಿಟಮಿನ್ ಅಲ್ಲ ಅಕ್ಕಾ. ಆರು ವರ್ಷದಿಂದ ನುಂಗ್ತಿದ್ದೀನಿ. ನಡುವೆ ಒಂದ್ಸಲ ಬಿಟ್ಟಿದ್ದೆ. ಮೂರನೇ ವಾರಕ್ಕೆ ಭಾವನ ಸ್ಕೂಟರ್ ಪೂರ್ತಿ ಬಿಚ್ಚಿ ಹಾಕಿದ್ದೆ. ಇವತ್ತಿಗೂ ಎರಡು ಬೋಲ್ಟ್ ಸಿಕ್ಕಿಲ್ಲ.”

ಅವಳು ಸ್ಟ್ರಿಪ್ಪುಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಮತ್ತೆ ಪೋಸ್ಟರಿನಲ್ಲಿ ಸುಳ್ಳು ಯಾಕೆ ಹಾಕ್ಸಿದ್ದು?”

“ಸುಳ್ಳಲ್ಲ ಅಕ್ಕಾ... ಅಷ್ಟೆಲ್ಲ ಬರೆಯೋಕೆ ಜಾಗ ಇರ್ಲಿಲ್ಲ.”

“ಮೂವತ್ತೆರಡು ಹಲ್ಲಿಗೆ ಜಾಗ ಇತ್ತಲ್ಲೋ!”

ಇಂಥ ಸಂದರ್ಭಕ್ಕೆ ತಜ್ಞನಿಗೆ ತರಬೇತಿಯಲ್ಲಿ ಯಾವ ವಾಕ್ಯವನ್ನೂ ಕಲಿಸಿರಲಿಲ್ಲ. “ಡಾಕ್ಟರ್ ಹತ್ರ ಹೋಗೋಣ ಬನ್ನಿ, ಈಗ್ಲೇ,” ಎಂದಷ್ಟೇ ಹೇಳಿದ.

“ಬರ್ತೀನಿ. ಮೊದ್ಲು ಇದನ್ನ ಸಭೇಲಿ ಹೇಳು. ನನ್ನೊಬ್ಬಳ ಕಿವೀಲಿ ಹೇಳಿ ಜಾರ್ಕೊಬೇಡ.”

ಸಭೆ ಶುರುವಾಗಲು ಹದಿನೈದು ನಿಮಿಷವಿತ್ತು. ತಂಗಿ ಅಕ್ಕನ ಕೈ ಹಿಡಿದುಕೊಂಡಳು. ತಜ್ಞ ಮುಂದೆ ನಡೆದ, ತನ್ನ ನೌಕರಿಯ ಅಂತಿಮಯಾತ್ರೆಗೆ ತಾನೇ ದಾರಿ ತೋರಿಸುವವನ ಹಾಗೆ.

ಸಭೆಯಲ್ಲಿ ಒಂಬತ್ತು ಮಂದಿ, ಮೂಲೆಯಲ್ಲಿ ಮೇಡಂ. ತಜ್ಞ ಎಂದಿನ ಕಥೆಯನ್ನು ಪಾರ್ಸೆಲ್ಲಿನಿಂದಲೇ ಶುರುಮಾಡಿದ. ಟೈಲರ್ ಅಕ್ಕ ಕೆಮ್ಮಿದಳು. ಅವನು ಕಥೆಯನ್ನು ಅಲ್ಲೇ ಬಿಟ್ಟು, “ನಾನು ದಿನಾ ಮೂರು ಮಾತ್ರೆ ತಗೋತೀನಿ. ಇವತ್ತೂ ತಗೊಂಡೆ. ಕಪಾಟಿನ ಹಿಂದೆ,” ಎಂದ. ಇದಕ್ಕೆ ಎಲ್ಲಿ ನಿಲ್ಲಿಸಬೇಕು, ಎಲ್ಲಿ ಕಿಟಕಿ ನೋಡಬೇಕು ಎಂದು ತಿಳಿಯದೆ ನೆಲ ನೋಡಿದ.

ಯಾರೂ ನಗಲಿಲ್ಲ. ಮೇಡಂ ಪೆನ್ನಿನ ಕ್ಯಾಪು ತೆಗೆದರು.

ಆಗ ಎರಡನೇ ಸಾಲಿನಲ್ಲಿದ್ದ ನಿವೃತ್ತ ಕಂಡಕ್ಟರು ಮೆಲ್ಲಗೆ ಕೈಯೆತ್ತಿದರು. ಪೂರ್ತಿ ಎತ್ತಲೂ ಇಲ್ಲ, ಕಿವಿಯವರೆಗೆ ಅಷ್ಟೇ. “ಹಾಗಾದ್ರೆ... ನಾನು ಬಿಟ್ಟು ಎಂಟು ದಿನ ಆಯ್ತಲ್ಲ, ಮಗಾ. ನಿನ್ನ ಮುಖ ನೋಡಿಯೇ ಬಿಟ್ಟಿದ್ದು.”

ಮೇಡಂ ಏನೋ ಬರೆಯಲು ಹೊರಟವರು ನಿಲ್ಲಿಸಿದರು. ಪೆನ್ನಿನ ಕ್ಯಾಪು ಹಾಕಿ, “ಆರೋಗ್ಯ ಕೇಂದ್ರದಲ್ಲಿ ಡಾಕ್ಟರ್ ಐದೂವರೆವರೆಗೆ ಇರ್ತಾರೆ. ಇಬ್ರನ್ನೂ ಕರ್ಕೊಂಡು ಹೋಗಿ,” ಎಂದು ತಜ್ಞನಿಗೆ ಹೇಳಿ, “ನಾಳೆ ಬೆಳಿಗ್ಗೆ ನೀವು ನನ್ನ ರೂಮಿಗೆ ಬನ್ನಿ,” ಎಂದೂ ಸೇರಿಸಿದರು. ಆ ‘ನೀವು’ ಎಂಬುದರಲ್ಲಿ ಗೌರವಕ್ಕಿಂತ ಬೇರೇನೋ ಹೆಚ್ಚಿತ್ತು.

ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ನಾಲ್ವರೂ ಸಾಲಾಗಿ ಕೂತರು. ಸರದಿ ಬಂದಾಗ ತಜ್ಞ ಅಭ್ಯಾಸಬಲದಿಂದ ಎದ್ದ. ಟೈಲರ್ ಅಕ್ಕ ಅವನ ಭುಜ ಒತ್ತಿ ಕೂರಿಸಿದಳು.

“ನೀನು ಕೂತ್ಕೊ. ನನಗೂ ಬಾಯಿದೆ.”

ತಂಗಿಯನ್ನೂ ಕರೆಯದೆ ಒಳಗೆ ಹೋದಳು. ಕಂಡಕ್ಟರು ತಜ್ಞನತ್ತ ಬಾಗಿ, “ಮಾತ್ರೆಗೆ ನಿನಗೂ ಕೈ ನಡುಗುತ್ತಾ?” ಎಂದರು. ತಜ್ಞ ಕೈ ಚಾಚಿದ. ಅವರೂ ಪಕ್ಕದಲ್ಲಿ ತಮ್ಮದನ್ನು ಚಾಚಿ ಹೋಲಿಸಿ ನೋಡಿದರು. “ನಿಂದೇ ಜಾಸ್ತಿ,” ಎಂದರು, ಬಹಳ ಸಮಾಧಾನದಿಂದ.

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಒಳಗಿಂದ ಡಾಕ್ಟರ ದನಿ: “ಮನೇಲಿ ಮೆಷಿನ್ ಒಳಗಿಂದ ಮತ್ತೆ ಎದುರುಮನೆಯವರ ದನಿ ಕೇಳಿಸ್ತಿದೆಯಾ?” ತಂಗಿ ತಜ್ಞನ ಅಂಗಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು.

“ಕೇಳಿಸ್ತಿದೆ ಡಾಕ್ಟ್ರೇ,” ಎಂದಳು ಟೈಲರ್ ಅಕ್ಕ, ಈಗ ಪಿಸುಗುಡದೆ. “ಮೂರು ದಿನದಿಂದ. ಮಾತ್ರೆ ಬರೆದುಕೊಡಿ.”